ಹುಳಕ್ಕೆ ತಂಪು ಮನೆ, ನಮಗೇಕೆ ಬಿಸಿ ಮನೆ?

ಸೈಟು ಕೊಂಡಾಯ್ತು, ಬ್ಯಾಂಕಿನ ಸಾಲವೂ ಮಂಜೂರಾಯ್ತು, ಇನ್ನು ಮನೆ ಕಟ್ಟುವುದೊಂದೇ ಬಾಕಿ ಎನ್ನುವ ಹಂತದಲ್ಲಿದ್ದೀರಾ? ಹಾಗಾದರೆ ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ಶಿಡ್ಲಘಟ್ಟದ ಕಡೆ ಹೋಗಿ, ಯಾರಾದರೂ ರೇಷ್ಮೆ ಬೆಳೆಗಾರರ ಹುಳು ಸಾಕಣೆ ಮನೆಯನ್ನು ನೋಡಿ ಬನ್ನಿ.

ಬೆಳೆದ ರೇಷ್ಮೆ ಹುಳುವಿಗೆ 24-25 ಡಿಗ್ರಿ ಉಷ್ಣಾಂಶ ಬೇಕು. ಸೆಖೆ ಏರಿತೋ, ಸೊಪ್ಪು ತಿನ್ನುವುದನ್ನೇ ಬಿಡುತ್ತದೆ, ಬೆಳೆ ಕೈಬಿಟ್ಟ ಹಾಗೆಯೇ. ಅದಕ್ಕೇ ತಿಳಿದವರು ಮನೆಯ ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಟ್ಟು, ಕಿಟಕಿಗಳನ್ನು ಉತ್ತರ-ದಕ್ಷಿಣಕ್ಕೆ ಬಿಡುತ್ತಾರೆ. ಸುತ್ತ ವರಾಂಡ, ಗೋಡೆಯ ಮೇಲೂ ಕೆಳಗೂ ಗಾಳಿಕಿಂಡಿ, ಸೂರಿನ ಮೇಲೆ ತೆಂಗಿನ ಗರಿ, ಪಕ್ಕದಲ್ಲಿ ಮರದ ನೆರಳು. ನಮ್ಮ ಆರ್‌ಸಿಸಿ ಮನೆಯಲ್ಲಿ ಇವುಗಳಲ್ಲಿ ಎಷ್ಟಿವೆ, ಲೆಕ್ಕ ಹಾಕಿ ನೋಡಿ! ಪ್ಲಾನ್ ಹಾಕುವಾಗ ನಮ್ಮನ್ನು ಕೇಳುವುದು ದೇವರಮನೆ ಎಲ್ಲಿ, ಶೆಲ್ಫ್ ಎಷ್ಟು ಅಂತ ಮಾತ್ರ. ಆದರೆ ಏಪ್ರಿಲ್‌ನ ಮಧ್ಯಾಹ್ನ ಆ ಅಡುಗೆಮನೆಯಲ್ಲಿ ಬೇಯುವವರು ಯಾರು, ನಾವೇ ಅಲ್ವಾ? ಪಶ್ಚಿಮದ ಬಿಸಿಲಿಗೆ ಅಡುಗೆಮನೆಯಾಗಲಿ ಮಲಗುವ ಕೋಣೆಯಾಗಲಿ ಬೇಡ ಎಂದು ಮೊದಲೇ ಹೇಳಿಬಿಡಿ. ಆ ಕಡೆ ಬಚ್ಚಲು, ಮೆಟ್ಟಿಲು ಬರಲಿ.

ಇನ್ನು ಗೋಡೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಹಳೇ ಮನೆಗಳಲ್ಲಿ ಕಲ್ಲಿನ ಅಡಿಪಾಯ, ಮಣ್ಣಿನ ದಪ್ಪ ಗೋಡೆ ಇವತ್ತಿಗೂ ಕಾಣಸಿಗುತ್ತವೆ. ಅದೇ ಮಣ್ಣನ್ನು ಗಟ್ಟಿ ಮಾಡುವ ಕೆಲಸಕ್ಕೆ ಕೈಹಾಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗ. ಪಾಯ ತೋಡಿದ ಮಣ್ಣಿಗೇ ಶೇ 7-8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರು ಚಿಮುಕಿಸಿದರೆ ಮಣ್ಣಿನ ಬ್ಲಾಕ್ ರೆಡಿ. ಸುಡುವ ಗೋಜಿಲ್ಲ, ಆದ್ದರಿಂದ ಗೂಡಿಗೆ ಸೌದೆಯೂ ಬೇಡ. ನಮ್ಮ ಕೆಂಪುಮಣ್ಣು ಇದಕ್ಕೆ ಒಳ್ಳೆಯದೇ. ಎರೆಮಣ್ಣಾದರೆ ಮಾತ್ರ ಆಗದು.

ಪರೀಕ್ಷೆ ಸುಲಭ. ಹಾರ್ಲಿಕ್ಸ್ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಚಿಟಿಕೆ ಉಪ್ಪು ಹಾಕಿ, ನೀರು ತುಂಬಿ ಕುಲುಕಿ ಒಂದು ರಾತ್ರಿ ಇಡಿ. ಕೆಳಗೆ ಮರಳು, ಮೇಲೆ ಜೇಡಿ ಪದರವಾಗಿ ಕೂರುತ್ತವೆ. ಮರಳು ಅರ್ಧಕ್ಕಿಂತ ಹೆಚ್ಚಿದ್ದರೆ ಚೆನ್ನ, ಕಡಿಮೆಯಿದ್ದರೆ ಕ್ರಷರ್ ಪುಡಿ ಸೇರಿಸಬೇಕು. ನಂತರ ಬಲ್ಲ ಎಂಜಿನಿಯರಿಗೆ ತೋರಿಸಿ. ‘ಮಣ್ಣಿನ ಗೋಡೆಯಾ ಅಮ್ಮಾ?’ ಎಂದು ಮೇಸ್ತ್ರಿ ನಗಬಹುದು, ನಗಲಿ ಬಿಡಿ! ಬುಡಕ್ಕೆ ಎರಡಡಿ ಕಲ್ಲು, ಮೇಲೆ ಮಳೆ ಬಡಿಯದಂತೆ ಚಾಚಿದ ಸೂರು ಇದ್ದರೆ ಆ ಗೋಡೆಗೆ ಭಯವಿಲ್ಲ.

ಹಾಗಂತ ಎಲ್ಲವನ್ನೂ ಕಲ್ಲಲ್ಲೇ ಕಟ್ಟೋಣ ಅನ್ನಬೇಡಿ. ಕಾಂಕ್ರೀಟಿಗೆ ಬೇಕಾದ ಜಲ್ಲಿಗಾಗಿ ನಮ್ಮ ಬೆಟ್ಟಗಳು ಈಗಾಗಲೇ ಕರಗುತ್ತಿವೆ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಕ್ವಾರಿಯ ಜಿಲೆಟಿನ್ ಸಿಡಿದು 6 ಮಂದಿ ಸತ್ತದ್ದು ನೆನಪಿದೆಯಲ್ಲ?

ನೀರಿನ ಸಂಗತಿ ನಿಮಗೆ ಹೇಳಬೇಕಿಲ್ಲ. ಉತ್ತರ ಪಿನಾಕಿನಿ ಗೌರಿಬಿದನೂರಿನಲ್ಲೇ ಹಾದುಹೋದರೂ ವರ್ಷದ ಬಹುಪಾಲು ಬರೀ ಮರಳು. ಆದರೆ 1,000 ಚದರಡಿ ತಾರಸಿಯ ಮೇಲೆ 700 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 65,000 ಲೀಟರ್! ಅದರಲ್ಲಿ ಮುಕ್ಕಾಲು ಪಾಲು ಸಂಪಿಗೆ ಸೇರಿದರೂ ಎಷ್ಟು ಟ್ಯಾಂಕರ್ ಉಳಿಯಿತು, ಎಣಿಸಿ. ಸೈಟಿನ ಇಳಿಜಾರನ್ನು ಮಣ್ಣು ತುಂಬಿ ಮಟ್ಟ ಮಾಡುವ ಮುನ್ನ ಮಳೆನೀರು ಯಾವ ಕಡೆ ಓಡುತ್ತದೆಂದು ನೋಡಿ, ಇಂಗುಗುಂಡಿ ಅಲ್ಲೇ ಇರಲಿ. ರಾಜಕಾಲುವೆ ಮೇಲಿನ ಸೈಟು ಎಷ್ಟೇ ಅಗ್ಗವಾದರೂ ಬೇಡ. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಹರಿದಾಗ ನೀರು ಹಳೇ ದಾರಿಯನ್ನೇ ಹುಡುಕಿಕೊಂಡು ಬಂತು.

ಕೊನೆಯದಾಗಿ, ಜಗಲಿ. ಇದಕ್ಕಾಗಿ ಯಜಮಾನರ ಹತ್ತಿರ ಸ್ವಲ್ಪ ಜಗಳವಾಡಿದರೂ ತಪ್ಪಿಲ್ಲ. ಕಾಂಪೌಂಡಿನ ಎತ್ತರ ತಗ್ಗಿಸಿ, ಬಾಗಿಲ ಮುಂದೆ ಎರಡಡಿ ಅಗಲದ ಕಲ್ಲುಚಪ್ಪಡಿ ಹಾಕಿಸಿ. ಅವರೇಕಾಯಿ ಕಾಲದಲ್ಲಿ ಪಕ್ಕದ ಮನೆಯವರೂ ಮೊರ ಹಿಡಿದು ಅಲ್ಲಿಗೇ ಬರುತ್ತಾರೆ.