ಸುಟ್ಟ ಗಾಯಕ್ಕೆ ತಣ್ಣೀರೇ ಮೊದಲ ಮದ್ದು

ನಗರದ ನಮ್ಮ ಮನೆಗಳಲ್ಲಿ ಅಡಿಗೆಮನೆ ಕಿರಿದು. ಕುದಿಯುವ ಸಾರು, ಚಹ ಮೈಮೇಲೆ ಚೆಲ್ಲುವುದು ಅಪರೂಪವಲ್ಲ. ಆಗ ಬೆಣ್ಣೆಗೋ ಶಾಯಿಗೋ ಕೈಚಾಚುವವರುಂಟು. ಇದು ಸಲ್ಲದು. ಸಾರು ಆರಿದರೂ ಚರ್ಮದೊಳಗೆ ಸೇರಿದ ಶಾಖವು ಆಳಕ್ಕಿಳಿದು ಸುಡುತ್ತಲೇ ಇರುತ್ತದೆ. ಲೇಪವು ಆ ಶಾಖವನ್ನು ಹಿಡಿದಿಟ್ಟು, ಗಾಯವನ್ನು ವೈದ್ಯರ ಕಣ್ಣಿಗೆ ಮರೆಮಾಡುತ್ತದೆ. ಹರಿಯುವ ತಣ್ಣೀರಾದರೋ ಶಾಖವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಊತ ಬರುವ ಮುನ್ನವೇ ಬಳೆ, ಉಂಗುರಗಳನ್ನು ತೆಗೆದು, ಗಾಯವನ್ನು ನಲ್ಲಿಯ ಕೆಳಗೆ 20 ನಿಮಿಷ ಹಿಡಿಯತಕ್ಕದ್ದು. ನಲ್ಲಿ ನಿಂತ ವೇಳೆಯಾದರೆ ತುಂಬಿಟ್ಟ ಶುದ್ಧ ನೀರನ್ನು ಚೊಂಬಿನಿಂದ ಸುರಿಯಬಹುದು. ಮಂಜುಗಡ್ಡೆ ಬೇಡ, ಅದು ರಕ್ತಸಂಚಾರವನ್ನು ಕುಗ್ಗಿಸಿ ಗಾಯವನ್ನು ಹೆಚ್ಚಿಸೀತು. ಗುಳ್ಳೆಯನ್ನು ಒಡೆಯದೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸೋಣ. ಗಾಯವು ಪೆಟ್ಟಾದವರ ಅಂಗೈಗಿಂತ ದೊಡ್ಡದಾದರೆ, ಅಥವಾ ಮುಖ, ಕೈ, ಕೀಲುಗಳಲ್ಲಿದ್ದರೆ ಆಸ್ಪತ್ರೆಗೆ ಒಯ್ಯಲೇಬೇಕು. ಹಿರಿಯರು ಗಾಬರಿಗೊಂಡಾಗ ನಲ್ಲಿಯನ್ನು ತಿರುಗಿಸುವ ಕೈ ನಮ್ಮದಾಗಲಿ.