ಪುಟಾಣಿಗಳಿಗೆ ರುಚಿಯ ಪಾಠ: ಮಂಡಿ ಮೊಹಲ್ಲಾದಿಂದ ಒಂದು ತಟ್ಟೆ

ಮೈಸೂರಿಗೆ ಹೋದ ಕರಾವಳಿಯವರು ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯವನ್ನು ನೋಡದೆ ಮರಳುವುದು ಅಪರೂಪ. ಆದರೆ ಅಲ್ಲಿಂದ ಸ್ವಲ್ಪ ದೂರದಲ್ಲೇ ಇರುವ ಮಂಡಿ ಮೊಹಲ್ಲಾದ ಕಡೆ ಕಾಲು ಹಾಕುವವರು ಕಡಿಮೆ. ಮಂಡಿ ಎಂದರೆ ಸಗಟು ವ್ಯಾಪಾರದ ಜಾಗ. ಹಣ್ಣು, ತರಕಾರಿ, ಬೇಳೆ, ಬೆಲ್ಲ, ಮಸಾಲೆ ಎಲ್ಲವೂ ಕೈಗೆಟಕುವ ಈ ಹಳೆಯ ಪೇಟೆಯಲ್ಲಿ ಕನ್ನಡ, ಉರ್ದು, ತಮಿಳು ಮಾತನಾಡುವ ಮನೆಗಳು ಒತ್ತಾಗಿ ಸೇರಿಕೊಂಡಿವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಪಂಚೇಂದ್ರಿಯಗಳ ಪರಿಚಯ ಮಾಡಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ಗೋಡೆಯ ಚಿತ್ರ ತೋರಿಸಿ ಬಾಯಿಪಾಠ ಮಾಡಿಸುವುದು ನಮ್ಮಲ್ಲಿ ನಡೆದು ಬಂದ ರೂಢಿ. ಮಗು ಅದನ್ನು ಒಪ್ಪಿಸುತ್ತದೆ, ಮರೆಯುತ್ತದೆ. ಆಹಾರದ ತುಣುಕೊಂದನ್ನು ಕೈಗೆ ಕೊಟ್ಟರೆ ಐದೂ ಇಂದ್ರಿಯಗಳು ಒಟ್ಟಿಗೆ ಕೆಲಸಕ್ಕಿಳಿಯುತ್ತವೆ. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ಆರಂಭಿಸಿದ ಶಿಶುಮಂದಿರದಿಂದ ಬೆಳೆದ ಪದ್ಧತಿಯಲ್ಲಿ ವಾಸನೆಯ ಸೀಸೆಗಳು, ರುಚಿಯ ಸೀಸೆಗಳು ಪಾಠೋಪಕರಣಗಳಾಗಿಯೇ ಇವೆ. 1939ರಲ್ಲಿ ಮದರಾಸಿಗೆ ಬಂದ ಆಕೆ ಮಹಾಯುದ್ಧದ ಕಾರಣ ಹಲವು ವರ್ಷ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ನೀಡಿದರು. ಇತ್ತ ಅಂಗನವಾಡಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು. ಅಂದಿನಿಂದ ಊಟ ಮತ್ತು ಆಟ ಒಂದೇ ಸೂರಿನಡಿ ಇವೆ. ಊಟವನ್ನೇ ಆಟವಾಗಿಸುವುದು ಮಾತ್ರ ಅಷ್ಟಾಗಿ ನಡೆದಿಲ್ಲ ಎಂಬುದು ನಮ್ಮ ಅನಿಸಿಕೆ.

ಮೊದಲಿಗೆ ಒಂದು ಎಚ್ಚರಿಕೆ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗುವಿನ ಮುಂದೆ ಚಿಟಿಕೆ ಬೆಲ್ಲ, ಹೋಳು ಹಣ್ಣು ಇಟ್ಟು "ಹೇಗಿದೆ ಹೇಳು" ಎನ್ನುವುದು ಪಾಠವಲ್ಲ, ಹಿಂಸೆ. ಮೊದಲು ಹೊಟ್ಟೆಗೆ ಕೊಡಿ. ರುಚಿಯ ಆಟ ಉಪಾಹಾರ ಮತ್ತು ಊಟದ ನಡುವಿನ ಹೊತ್ತಿಗೆ ಇರಲಿ.

ತಟ್ಟೆಗೆ ಏನೇನು ಬೇಕು? ಬೆಲ್ಲದ ಪುಡಿ, ತೆಳುವಾದ ಹುಣಸೆ ನೀರು, ಕಾಳಷ್ಟು ಉಪ್ಪು, ಬೇಯಿಸಿದ ಹಾಗಲಕಾಯಿಯ ಚೂರು, ನೆಲ್ಲಿಕಾಯಿಯ ತೆಳು ಸೀಳು, ಶುಂಠಿ ರಸ ಸೋಕಿಸಿದ ಬೆಲ್ಲ. ಅಂದರೆ ಸಿಹಿ, ಹುಳಿ, ಉಪ್ಪು, ಕಹಿ, ಒಗರು, ಖಾರ. ನಮ್ಮ ಹಿರಿಯರ ಷಡ್ರಸಗಳು ಇವೇ. ವಿಜ್ಞಾನದ ಲೆಕ್ಕ ಸ್ವಲ್ಪ ಬೇರೆ. ಅದರಲ್ಲಿ ಸಿಹಿ, ಹುಳಿ, ಉಪ್ಪು, ಕಹಿಯ ಜೊತೆಗೆ 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಗುರುತಿಸಿದ 'ಉಮಾಮಿ' ಸೇರಿ ಐದು. ಬೆಂದ ಟೊಮೆಟೊ, ಅಣಬೆ, ಒಣಮೀನುಗಳಲ್ಲಿ ನಾಲಿಗೆಗೆ ಹಿಡಿಯುವ ಆ ತುಂಬುರುಚಿಯೇ ಉಮಾಮಿ. ಒಗರು ಮತ್ತು ಖಾರ ಈ ಪಟ್ಟಿಯಲ್ಲಿಲ್ಲ. ಒಗರು ವಸ್ತುಗಳಲ್ಲಿನ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿ ಒರಟಾದಂತೆ ಮಾಡುತ್ತದೆ. ಅದು ಬಹುಮಟ್ಟಿಗೆ ಸ್ಪರ್ಶ. ನಮ್ಮ ಗೇರುಹಣ್ಣು ಕಚ್ಚಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೆಣಸಿನಕಾಯಿಯ ಖಾರವಾದರೋ ಬಿಸಿ ಮತ್ತು ನೋವನ್ನು ಗ್ರಹಿಸುವ ನರಗಳ ಮೂಲಕ ತಿಳಿಯುವಂಥದು. ಇದರ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯ ಪಾಲುದಾರರು. ಹೀಗೆ ಷಡ್ರಸದ ತಟ್ಟೆಯಲ್ಲಿ ನಾಲಿಗೆಯ ಪಾಠದ ಜೊತೆಗೇ ಚರ್ಮದ ಪಾಠವೂ ಅಡಗಿದೆ.

ಹಾಗೆಯೇ, ನಾಲಿಗೆಯ ತುದಿಗೆ ಸಿಹಿ, ಹಿಂದಕ್ಕೆ ಕಹಿ ಎಂದು ಬಣ್ಣ ಹಚ್ಚಿದ ನಕ್ಷೆ ನಿಮ್ಮ ಶಾಲೆಯ ಗೋಡೆಯಲ್ಲಿದ್ದರೆ ದಯವಿಟ್ಟು ತೆಗೆದುಬಿಡಿ. ರುಚಿಯ ಮೊಗ್ಗುಗಳಿರುವ ಎಲ್ಲ ಕಡೆಯೂ ಎಲ್ಲ ರುಚಿಗಳೂ ತಿಳಿಯುತ್ತವೆ. ಆ ನಕ್ಷೆ 1901ರ ಜರ್ಮನ್ ಲೇಖನವೊಂದನ್ನು ತಪ್ಪಾಗಿ ಅರ್ಥೈಸಿದ್ದರಿಂದ ಹುಟ್ಟಿದ್ದು. ನಾವೂ ಅದನ್ನೇ ಬರೆದು ಅಂಕ ಗಿಟ್ಟಿಸಿದವರು!

ಮೂಗಿನ ಪಾಠ ಮಕ್ಕಳಿಗೆ ಬಲು ಮೆಚ್ಚು. ಏಲಕ್ಕಿ ಬೆರೆಸಿದ ಬೆಲ್ಲದ ಪುಡಿಯನ್ನು ಮೂಗು ಹಿಡಿದುಕೊಂಡು ಬಾಯಿಗೆ ಹಾಕಿಕೊಳ್ಳಲಿ. ಬರೀ ಸಿಹಿ. ಈಗ ಬೆರಳು ತೆಗೆಯಲಿ. ಏಲಕ್ಕಿ ಎಲ್ಲಿಂದಲೋ ಬಂದಂತೆ ತಟ್ಟನೆ ಬರುತ್ತದೆ. ಅಗಿಯುವಾಗ ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೇರುತ್ತದೆ. ನಾವು ರುಚಿ ಎನ್ನುವುದರ ಬಹುಪಾಲು ಈ ಪರಿಮಳವೇ. 2020ರ ಕೊರೊನಾ ಕಾಲದಲ್ಲಿ ವಾಸನೆ ಕಳೆದುಕೊಂಡವರು ಅನ್ನ ಸಾರು ಮಣ್ಣಿನಂತಾಯಿತು ಎಂದದ್ದು ಇದಕ್ಕೇ. ಇನ್ನೊಂದು ಪ್ರಯೋಗ: ನಂಜನಗೂಡು ರಸಬಾಳೆ ಸಿಕ್ಕರೆ ಏಲಕ್ಕಿ ಬಾಳೆಯ ಪಕ್ಕದಲ್ಲಿಟ್ಟು ಮಕ್ಕಳಿಗೆ ಮೂಸಲು ಕೊಡಿ. ರಸಬಾಳೆ ಭೌಗೋಳಿಕ ಸೂಚಕ ಪಡೆದ ಹಣ್ಣಾದರೂ ಸೊರಗು ರೋಗದಿಂದ ಬೆಳೆ ಕುಗ್ಗಿದೆ. ಸಿಗದಿದ್ದರೆ ಪಚ್ಚಬಾಳೆ ಸಾಕು.

ಕಿವಿಗೆ ಹಪ್ಪಳ. ಈಗ ತಾನೇ ಸುಟ್ಟದ್ದು ಒಂದು, ಹಿಂದಿನ ದಿನ ಸುಟ್ಟು ತೆರೆದಿಟ್ಟು ಮೆತ್ತಗಾದದ್ದು ಒಂದು. ಕಣ್ಣು ಮುಚ್ಚಿ ಮುರಿಯುವ ಸದ್ದು ಕೇಳಿಯೇ ಯಾವುದು ಹೊಸದೆಂದು ಪುಟಾಣಿಗಳು ಹೇಳುತ್ತಾರೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಪ್ಸ್ ಕಚ್ಚುವ ಸದ್ದನ್ನು ಯಂತ್ರದಿಂದ ಹೆಚ್ಚಿಸಿ ಕೇಳಿಸಿದಾಗ ತಿಂದವರಿಗೆ ಅದೇ ಚಿಪ್ಸ್ ಹೆಚ್ಚು ಗರಿಗರಿ ಎನಿಸಿತ್ತು. ಕಣ್ಣು ಕಟ್ಟುವುದು ಮಾತ್ರ ಬೇಡ, ಕೆಲವು ಮಕ್ಕಳು ಹೆದರುತ್ತಾರೆ. ತಾವಾಗಿ ಕಣ್ಣು ಮುಚ್ಚಲಿ, ಕದ್ದು ನೋಡಿದರೂ ನೋಡಲಿ.

ಭಾಷೆಯ ವಿಷಯಕ್ಕೆ ಬಂದರೆ ಮಂಡಿ ಮೊಹಲ್ಲಾದಂಥ ಕಡೆ ಒಂದು ಸ್ವಾರಸ್ಯವಿದೆ. ಕನ್ನಡದ ಮಗುವಿಗೆ ಖಾರ ಎಂದರೆ ಮೆಣಸಿನಕಾಯಿ. ಉರ್ದು ಮನೆಯ ಮಗುವಿಗೆ 'ಖಾರಾ ಪಾನಿ' ಎಂದರೆ ಉಪ್ಪು ನೀರು. ನಮ್ಮ ಕೊಂಕಣಿಯಲ್ಲೂ 'ಖಾರೆಂ' ಉಪ್ಪಿನದೇ, ಮೆಣಸಿನದು 'ತೀಕ್'. ಉಪ್ಪು ನೆಕ್ಕಿ "ಖಾರ" ಎಂದ ಮಗುವನ್ನು "ತಪ್ಪು" ಎಂದು ಕೂರಿಸುವ ಮೊದಲು ಟೀಚರಮ್ಮ ಅದರ ಮನೆಮಾತು ಯಾವುದೆಂದು ಕೇಳುವುದು ಒಳ್ಳೆಯದು. ಎಲ್ಲ ಮನೆಗಳ ಪದಗಳನ್ನೂ ಹಲಗೆಯ ಮೇಲೆ ಬರೆದರೆ ತರಗತಿಗೆ ಒಂದು ಪುಟ್ಟ ನಿಘಂಟೇ ಆಯಿತು.

ಇನ್ನು ಮುಖ್ಯ ಮಾತು. ಈ ಪಾಠದ ಗುರಿ ಮಗುವಿಗೆ ತಿನ್ನಿಸುವುದಲ್ಲ. ನೋಡಲಿ, ಮುಟ್ಟಲಿ, ಮೂಸಲಿ. ಬಾಯಿಗೆ ಹಾಕದಿದ್ದರೂ ಪಾಠ ಆಯಿತು. ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸಿಗೆ ಮುಖ ತಿರುಗಿಸುವುದು ಮಕ್ಕಳ ಸಹಜ ಗುಣ. ಒತ್ತಾಯವಿಲ್ಲದೆ ಹತ್ತು ಹನ್ನೆರಡು ಸಲ ಎದುರಿಗೆ ಬಂದ ಮೇಲೆ ಹಲವರು ಒಪ್ಪಿಕೊಳ್ಳುತ್ತಾರೆ. ಕಹಿಯನ್ನು ತೀವ್ರವಾಗಿ ಗ್ರಹಿಸುವುದು ಕೆಲವರಿಗೆ ವಂಶವಾಹಿಯಿಂದಲೇ ಬರುತ್ತದೆ. ಅಕ್ಕ ತಿಂದ ಹಾಗಲಕಾಯಿಯನ್ನು ತಮ್ಮ ಉಗುಳಿದರೆ ಅದು ಹಟವೇ ಆಗಬೇಕಿಲ್ಲ, ಅವನ ನಾಲಿಗೆಗೆ ಅದು ನಿಜಕ್ಕೂ ಹೆಚ್ಚು ಕಹಿ ಇರಬಹುದು. "ನನಗೆ ಇಷ್ಟವಿಲ್ಲ" ಎಂಬುದು ಸರಿಯುತ್ತರ. "ಛೀ" ಎಂಬುದು ಅಲ್ಲ. ಇಂದು ತಟ್ಟೆಯಲ್ಲಿನ ಹಾಗಲಕಾಯಿಗೆ ಹೇಳಿದ "ಛೀ" ನಾಳೆ ಪಕ್ಕದ ಮಗುವಿನ ಬುತ್ತಿಗೆ, ಅಲ್ಲಿಂದ ಅದರ ಅಮ್ಮನ ಅಡುಗೆಗೆ ಹೋಗುತ್ತದೆ. ಬುತ್ತಿಯನ್ನು ಮುಚ್ಚಿಟ್ಟುಕೊಂಡು ತಿನ್ನುವ ಮಗು ಯಾವ ಊರಿನ ಶಾಲೆಯಲ್ಲಿಲ್ಲ? ಆದ್ದರಿಂದ ತಟ್ಟೆಗೆ ಯಾವ ಮನೆಗೂ ನಿಷಿದ್ಧವಲ್ಲದ ಪದಾರ್ಥಗಳನ್ನೇ ಆರಿಸಿ. ಯುಗಾದಿಯ ಬೇವು ಬೆಲ್ಲ, ಈದ್‌ನ ಶೀರ್ ಖುರ್ಮಾ, ಕ್ರಿಸ್ಮಸ್‌ನ ಕುಸ್ವಾರ್ ಆಯಾ ಮನೆಯವರೇ ತಂದು ಹಂಚಲಿ.

ಮೈಸೂರಿನಲ್ಲೇ, ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ರುಚಿ ನೋಡುವುದು ಒಂದು ಶಾಸ್ತ್ರ. ಅಂಥ ಪರೀಕ್ಷೆಗಳಲ್ಲಿ ಒಂದೊಂದು ಮಾದರಿಯ ನಡುವೆ ನೀರು ಕುಡಿದು ಬಾಯಿ ತೊಳೆಯುತ್ತಾರೆ, ಒಮ್ಮೆಗೆ ಕೆಲವೇ ಮಾದರಿ ನೋಡುತ್ತಾರೆ, ಪರಸ್ಪರ ಮಾತನಾಡುವಂತಿಲ್ಲ. ಮೊದಲೆರಡು ನಿಯಮ ಅಂಗನವಾಡಿಗೂ ಬೇಕು. ಮೂರನೆಯದು ಬೇಡವೇ ಬೇಡ, ಇಲ್ಲಿ ಮಾತಿಗಾಗಿಯೇ ಈ ಆಟ.

ಆಟಕ್ಕೆ ಮುಂಚೆ ಹೆತ್ತವರನ್ನು ಕೇಳಿ ಯಾವ ಮಗುವಿಗೆ ಏನು ಆಗದು ಎಂದು ಬರೆದಿಟ್ಟುಕೊಳ್ಳಬೇಕು. ಶೇಂಗಾ, ಹಾಲು, ಮೊಟ್ಟೆ, ಎಳ್ಳು ಕೆಲವರಿಗೆ ಅಪಾಯ ತರಬಹುದು. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು. ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿ ಕೊಡಿ, ಕಡಲೆಬೀಜ ಬೇಡ. ಮಕ್ಕಳು ಕುಳಿತೇ ತಿನ್ನಲಿ, ಓಡಾಡುತ್ತಾ ಅಲ್ಲ. ಪ್ರತಿ ಮಗುವಿಗೂ ಬೇರೆ ಚಮಚ, ಕೈಗೆ ಸೋಪು ನೀರು.

ಇಷ್ಟಕ್ಕೆ ತಗಲುವ ಖರ್ಚು ಹೆಚ್ಚಲ್ಲ, ಅಡುಗೆಮನೆಯ ಡಬ್ಬಿಗಳಲ್ಲೇ ಅರ್ಧ ಸಿಗುತ್ತದೆ. ಉಳಿದರ್ಧಕ್ಕೆ ಮಕ್ಕಳನ್ನೇ ಸಾಲಾಗಿ ಕೈ ಹಿಡಿಸಿಕೊಂಡು ಹತ್ತಿರದ ಅಂಗಡಿಗೆ ಕರೆದೊಯ್ಯಬಹುದು. ಕಡಲೆಪುರಿಯ ಅಂಗಡಿಯ ಮುಂದೆ ನಿಂತು ಬೊಗಸೆಯೊಡ್ಡಿದರೆ ಇಲ್ಲವೆನ್ನುವ ವ್ಯಾಪಾರಿ ಕಡಿಮೆ. ಮೈಸೂರಿನಲ್ಲಿ ಕಡಲೆಪುರಿ, ಉಡುಪಿಯ ಕಡೆ ಮಂಡಕ್ಕಿ; ಹಲ್ಲಿನ ಕೆಳಗೆ ಅದರ ಸದ್ದು ಮಾತ್ರ ಒಂದೇ.