ನಮ್ಮ ಸೀಮೆಯ ಒಂದು ಫುಟ್‌ಬಾಲ್ ಸಂಘ

ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬಲ್ಲಿ ಕಾವೇರಿಯಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿಯಿತೆಂಬುದನ್ನು ವಾಚಕರು ಬಲ್ಲರು. ದೀಪವನ್ನು ಕೊಂಡಾಡಿದವರು ಅನೇಕರು. ಜಲಪಾತವನ್ನು ನೆನೆದವರು ವಿರಳ. ನಮ್ಮ ಸೀಮೆಯ ಫುಟ್‌ಬಾಲ್ ಆಟದ ಚರಿತ್ರೆಯೂ ಇಂತಹುದೇ. ಬೆಂಗಳೂರು ಮುಸ್ಲಿಮ್ಸ್ ಎಂಬ ಸಂಘದ ವೃತ್ತಾಂತವೇ ಇದಕ್ಕೆ ನಿದರ್ಶನ.

ಮುಂಬಯಿಯ ರೋವರ್ಸ್ ಕಪ್ ಪಂದ್ಯಗಳು ಮೊದಲಾದದ್ದು 1891ರಲ್ಲಿ. ಅಲ್ಲಿಂದ ನಾಲ್ಕು ದಶಕಗಳಿಗೂ ಮಿಕ್ಕ ಕಾಲ ಆ ಕಪ್ಪು ಆಂಗ್ಲ ಪಲ್ಟನುಗಳ ಸೊತ್ತೇ ಆಗಿದ್ದಿತು. 1937ರಲ್ಲಿ ಬೆಂಗಳೂರಿನ ಈ ಸಂಘವು, ಕಲ್ಕತ್ತೆಯ ಲೀಗನ್ನು 1934ರಿಂದ ಎಡೆಬಿಡದೆ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನೇ ಅಂತಿಮ ಪಂದ್ಯದಲ್ಲಿ ಸೋಲಿಸಿ, ಕಪ್ಪನ್ನು ಪಡೆದ ಪ್ರಥಮ ಭಾರತೀಯ ತಂಡವೆನಿಸಿತು. 1938ರಲ್ಲಿ ಪುನಃ ಗೆದ್ದಿತು. 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಮೂರನೆಯ ಸಲವೂ ಗೆದ್ದಿತು. ಸಂಘದ ಹೆಸರು ಒಂದು ಮತದವರದಾದರೂ ಕೀರ್ತಿಯು ಸಮಸ್ತ ಮೈಸೂರು ಸೀಮೆಯದು.

ಆ ಕಾಲದಲ್ಲಿ ಈ ಒಂದು ಸಂಘ ಮಾತ್ರವೇ ಅಲ್ಲ, ಸಂಸ್ಥಾನವೇ ಆಟದಲ್ಲಿ ಮುಂದಾಗಿದ್ದಿತು. 1946–47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಜಯಿಸಿ ಸಂತೋಷ್ ಟ್ರೋಫಿಯನ್ನು ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಭಾರತವು 2–1ರಿಂದ ಸೋತರೂ, ನಮ್ಮವರ ಏಕೈಕ ಗೋಲನ್ನು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಬೆಂಗಳೂರು ಮುಸ್ಲಿಮ್ಸಿನ ಅಹಮದ್ ಖಾನರೂ ಆ ತಂಡದಲ್ಲಿದ್ದರು.

ಆದರೆ ಮರುವರ್ಷವೇ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. 1949ರ ರೋವರ್ಸ್ ಕಪ್ಪೂ ಆ ತಂಡದ ಪಾಲಾಯಿತು. ಅಲ್ಲಿನ ಜನರು ಪಂಚಪಾಂಡವರೆಂದು ಹಾಡಿ ಹೊಗಳಿದ ಐವರಲ್ಲಿ ಅಹಮದ್ ಖಾನರೂ ಧನರಾಜರೂ ಬೆಂಗಳೂರಿನವರು. ಹೋದವರನ್ನು ನಾವು ದೂರುವುದಿಲ್ಲ. ಪ್ರತಿಭೆಯು ಮನ್ನಣೆ ದೊರೆತೆಡೆಗೆ ಹರಿಯುವುದು ಸಹಜ. ದೂರತಕ್ಕದ್ದು ನಮ್ಮ ಮರೆವನ್ನು. 1967–68 ಮತ್ತು 1968–69ರಲ್ಲಿ ಮೈಸೂರು ಸಂತೋಷ್ ಟ್ರೋಫಿಯನ್ನು ಗೆದ್ದ ಮೇಲೆ, ಕರ್ನಾಟಕವು ಅದನ್ನು ಮತ್ತೆ ಗೆಲ್ಲಲು 2023ರವರೆಗೆ ಕಾಯಬೇಕಾಯಿತು. ಐವತ್ತನಾಲ್ಕು ವರ್ಷಗಳ ಈ ಬರವು ದೈವಕೃತವೆಂದು ನಾವು ನಂಬಲಾರೆವು.

ಪುರಸಭೆಯ ಮಹನೀಯರಲ್ಲಿಯೂ ಅಧಿಕಾರಿಗಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ಊರಿಗೊಂದು ಮೈದಾನವನ್ನು ಕಟ್ಟಡಗಳ ಪಾಲಾಗದಂತೆ ಉಳಿಸಿರಿ, ಆಡಬಲ್ಲ ಹುಡುಗನಿಗೆ ಊರಿನಲ್ಲಿಯೇ ಅನ್ನದ ದಾರಿಯನ್ನು ತೋರಿಸಿರಿ. ಮೂಲವನ್ನು ಬತ್ತಿಸಿ ದೀಪವನ್ನು ಬಯಸುವುದು ವಿವೇಕಿಗಳ ಲಕ್ಷಣವಲ್ಲ.